ತಾಂತ್ರಿಕ ಅಡಚಣೆಗಾಗಿ ವಿಷಾದಿಸುತ್ತೇವೆ: ಬೆಲೆ 40 ರೂಪಾಯಿ

ರೇಡಿಯೋದಲ್ಲೇ ಕೂತು ರೇಡಿಯೋ ಬಗ್ಗೆ ತಮಾಷೆ ಮಾಡುವುದು ಅತ್ತೆಯ ಎದುರಿಗೇ ಅತ್ತೆಯ ಸುದ್ದಿ ಹೇಳಿದ ಹಾಗೆ. ಆದರೂ ಧೈರ್ಯ ಮಾಡಿದ್ದೇನೆ. ಮೈಸೂರಿನಿಂದ ಮಾನಂದವಾಡಿ ಕಡೆಗೆ ಹೊರಟ ಬಸ್ಸು ಹಂಪಾಪುರ ದಾಟಿ ಸ್ವಲ್ಪ ದೂರ ಬಂದರೆ ಹ್ಯಾಂಡ್‌ಪೋಸ್ಟ್ ಸಿಗುತ್ತದೆ. ಹೆಗ್ಗಡದೇವನಕೋಟೆ ಇನ್ನು ಹತ್ತಿರ. ಇಲ್ಲಿ ಬಸ್ಸು ಬದಲಿಸುವವರು, ಬಸ್ಸಿಗೆ ಕಾಯುವವರು, ಬಸ್ಸು ತಪ್ಪಿಸಿಕೊಂಡು ಟೀ ಕುಡಿಯುವವರು ಯಾವಾಗಲೂ ಇರುತ್ತಾರೆ. ನನ್ನದು ಇಂಥ ಜಾಗದಲ್ಲಿ ಒಂದು ಜೆರಾಕ್ಸ್, ಡಿಟಿಪಿ ಅಂಗಡಿ. ಪಹಣಿ, ಆಧಾರ್ ಪ್ರತಿ, ಶಾಲೆಯ ಪ್ರಾಜೆಕ್ಟು, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು. ಇವುಗಳ ನಡುವೆ ರೇಡಿಯೋ ತಮಾಷೆಯ ಕಾಗದಗಳನ್ನೂ ಮಾಡಿ ಮಾರುತ್ತೇವೆ.

ವಿಷಯ ಇಷ್ಟೇ. ಹಳೆಯ ರೇಡಿಯೋ ದಿನಗಳನ್ನು ನೆನಪಿಸುವ ಬೋರ್ಡು, ಕಾರ್ಡು, ಪರವಾನಗಿ ಪತ್ರ, ಕಾರ್ಯಕ್ರಮ ಪಟ್ಟಿ ಇಂಥವನ್ನು ಕಂಪ್ಯೂಟರಿನಲ್ಲಿ ಮಾಡಿಟ್ಟುಕೊಳ್ಳುತ್ತೇವೆ. ಊರವರಿಗೆ ದಪ್ಪ ಕಾಗದದ ಮೇಲೆ ಪ್ರಿಂಟ್ ತೆಗೆದು ಕೊಡುತ್ತೇವೆ. ದೂರದವರಿಗೆ ಫೈಲನ್ನೇ ಕಳಿಸುತ್ತೇವೆ. ಅವರು ಅವರೂರಿನಲ್ಲಿ ಪ್ರಿಂಟ್ ತೆಗೆಸಿಕೊಂಡು ಗೋಡೆಗೆ ಹಾಕಿಕೊಳ್ಳುತ್ತಾರೆ. ದುಡ್ಡು ಫೋನಿಗೇ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೋಗುವುದು ಒಂದು ಸಾದಾ ಬೋರ್ಡು. ತಿಳಿ ಹಳದಿ ಕಾಗದ, ಮೇಲೆ ಒಂದು ಮುಳ್ಳಿನ ಡಯಲ್ಲು, ಕೆಳಗೆ ಒಂದೇ ಸಾಲು: ‘ತಾಂತ್ರಿಕ ಅಡಚಣೆಗಾಗಿ ವಿಷಾದಿಸುತ್ತೇವೆ.’ ಇದನ್ನು ಒಯ್ದವರು ಎಲ್ಲೆಲ್ಲಿ ತಗುಲಿಹಾಕಿದ್ದಾರೆ ಅನ್ನುತ್ತೀರಿ? ಅಡುಗೆಮನೆಯ ಬಾಗಿಲಿಗೆ, ಗ್ಯಾಸ್ ಮುಗಿದ ದಿನ. ಟೈಲರ್ ಅಂಗಡಿಯಲ್ಲಿ, ಹಬ್ಬಕ್ಕೆ ಮೊದಲು ಕೊಡಬೇಕಾದ ಬ್ಲೌಸುಗಳ ರಾಶಿಯ ಮೇಲೆ. ಬಾಡಿಗೆಗೆ ಓಡಿಸುವ ಒಂದು ಟ್ರ್ಯಾಕ್ಟರಿನ ಹಿಂಭಾಗದಲ್ಲಿ. ಒಬ್ಬ ಹೆಣ್ಣುಮಗಳು ತನ್ನ ಗಂಡನ ಕುರ್ಚಿಯ ಹಿಂದಿನ ಗೋಡೆಗೇ ಹಾಕಿದ್ದಾಳಂತೆ. ನಾನು ವಿವರ ಕೇಳಲಿಲ್ಲ.

ಇದರಲ್ಲಿ ನಗು ಬರುವಂಥದ್ದೇನು? ಆ ಸಾಲಿನಲ್ಲಿ ಹಾಸ್ಯವೇ ಇಲ್ಲ. ಅದು ಬಹಳ ಗಂಭೀರವಾದ, ಮರ್ಯಾದಸ್ಥ ಮಾತು. ನಮ್ಮ ಕಡೆ ಕರೆಂಟು ಹೋದರೆ ಯಾರೂ ವಿಷಾದಿಸುತ್ತಿರಲಿಲ್ಲ. ಬಸ್ಸು ಬರದಿದ್ದರೆ ಕಂಡಕ್ಟರ್ ವಿಷಾದಿಸುತ್ತಿರಲಿಲ್ಲ. ಸೊಸೈಟಿಯಲ್ಲಿ ಸೀಮೆಎಣ್ಣೆ ಖಾಲಿ ಅಂದಾಗಲೂ ‘ನಾಳೆ ಬಾ ಹೋಗು’ ಅಷ್ಟೇ. ನಮ್ಮ ಬಡ ಮನೆಗೆ ಬಂದು, ನಮ್ಮನ್ನು ಬಹುವಚನದಲ್ಲಿ ಕರೆದು, ತನ್ನ ತಪ್ಪನ್ನು ಒಪ್ಪಿಕೊಂಡು ವಿಷಾದಿಸುತ್ತಿದ್ದ ಒಂದೇ ಸರ್ಕಾರಿ ದನಿ ರೇಡಿಯೋದ್ದು. ಆ ದನಿಯನ್ನು ಖಾಲಿ ಗ್ಯಾಸ್ ಸಿಲಿಂಡರಿನ ಮೇಲೆ ಕೂರಿಸಿದ ಕೂಡಲೇ ನಗು ಬರುತ್ತದೆ. ಗಂಭೀರ ಮಾತನ್ನು ಅದರ ಜಾಗದಿಂದ ಎತ್ತಿ ಬೇರೆ ಜಾಗದಲ್ಲಿ ಇಡಬೇಕು. ನಮ್ಮ ಅಂಗಡಿಯ ಕಸುಬು ಇಷ್ಟೇ.

ಈ ಕಸುಬನ್ನು ನಾವು ಕಂಡುಹಿಡಿದದ್ದಲ್ಲ. ನಮ್ಮ ಕಡೆಯ ರೇಡಿಯೋ ಹುಟ್ಟಿದ ಮನೆಯಲ್ಲೇ, ಅಂದರೆ ಮೈಸೂರಿನಲ್ಲೇ, ಅದು ಶುರುವಾಯಿತು. 1935ರ ಸೆಪ್ಟೆಂಬರ್ 10ರಂದು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಸ್ವಂತ ರೇಡಿಯೋ ನಿಲಯ ತೆರೆದರು. ಕೈಯಿಂದ ದುಡ್ಡು ಹಾಕಿ ತೆರೆದದ್ದು. ಪ್ರೇಷಕದ ಶಕ್ತಿ 30 ವ್ಯಾಟ್. ಇವತ್ತು ನಮ್ಮ ಅಂಗಡಿಯ ಫ್ಯಾನು ಅದಕ್ಕಿಂತ ಹೆಚ್ಚು ಕರೆಂಟು ತಿನ್ನುತ್ತದೆ. ಅಷ್ಟು ಪುಟ್ಟ ನಿಲಯಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು. ನಿಲಯ 1950ರಲ್ಲಿ ಆಲ್ ಇಂಡಿಯಾ ರೇಡಿಯೋ ಕೈಸೇರಿ, 1955ರಲ್ಲಿ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ನಿಲಯ ಬಂದದ್ದು 1974ರ ನವೆಂಬರ್ 14ರಂದು. ನಮ್ಮ ತಾಲ್ಲೂಕಿನವರಿಗೆ ಆ ವರ್ಷ ಇನ್ನೊಂದು ಕಾರಣಕ್ಕೆ ನೆನಪು: ಕಬಿನಿ ಅಣೆಕಟ್ಟು ಮುಗಿದ ವರ್ಷ ಅದು. ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಬಂದವರು ಹೊಸ ಮನೆಯಲ್ಲಿ ಮೊದಲು ಕೇಳಿದ ಹತ್ತಿರದ ನಿಲಯ ಮೈಸೂರಿನದು.

ನಾನು ಹೇಳಬೇಕೆಂದಿರುವವರು ಇನ್ನೊಬ್ಬರು. ಆ ‘ಆಕಾಶವಾಣಿ’ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿ ಎಂದು ಪ್ರತೀತಿ. ಗೋಪಾಲಸ್ವಾಮಿಯವರ ನಿಲಯಕ್ಕೆ ಹೆಗಲು ಕೊಟ್ಟ ಮೇಷ್ಟ್ರು ಅವರು. ಹುಟ್ಟಿದ್ದು 1897ರಲ್ಲಿ, ಕೇರಳದ ತ್ರಿಪ್ಪೂಣಿತ್ತುರದಲ್ಲಿ, ಮನೆಮಾತು ಮಲಯಾಳ. ಮೈಸೂರಿಗೆ ಬಂದು ಚರಿತ್ರೆ ಪಾಠ ಹೇಳಿಕೊಂಡು ಕನ್ನಡದ ದೊಡ್ಡ ಹಾಸ್ಯಗಾರರಾದರು. ಕೇರಳದ ಗಡಿಯಲ್ಲಿ ಕೂತಿರುವ ನಮಗೆ ಇದರಲ್ಲಿ ಸೋಜಿಗವೇನೂ ಇಲ್ಲ. ಬಾವಲಿ ಕಡೆಯಿಂದ ಬರುವ ನಮ್ಮ ಗಿರಾಕಿಗಳು ಎರಡು ಭಾಷೆಯಲ್ಲೂ ಚೌಕಾಸಿ ಮಾಡುತ್ತಾರೆ. ಡಾ. ಎಂ. ಶಿವರಾಂ, ನಮ್ಮೆಲ್ಲರ ರಾಶಿ, 1942ರಲ್ಲಿ ‘ಕೊರವಂಜಿ’ ಹಾಸ್ಯ ಮಾಸಪತ್ರಿಕೆ ತೆರೆದಾಗ ಕಸ್ತೂರಿ ಅಲ್ಲಿ ಬರೆದರು. ಕಾಲೇಜು ಹುಡುಗನಾಗಿದ್ದ ಆರ್.ಕೆ. ಲಕ್ಷ್ಮಣ್ ಅದಕ್ಕೆ ವ್ಯಂಗ್ಯಚಿತ್ರ ಬರೆದ. ಟಿ. ಸುನಂದಮ್ಮ ಅಡುಗೆಮನೆಯನ್ನೇ ಹಾಸ್ಯಕ್ಕೆ ತಂದರು. ಇಪ್ಪತ್ತೈದು ವರ್ಷ ನಡೆದು 1967ರಲ್ಲಿ ‘ಕೊರವಂಜಿ’ ನಿಂತಿತು.

ಕಸ್ತೂರಿಯವರ ‘ಅನರ್ಥಕೋಶ’ ಎಂಬ ಪುಸ್ತಕವನ್ನು ಬಲ್ಲವರು ಬಲ್ಲರು. ನಿಘಂಟಿನ ಹಾಗೆಯೇ ಕಾಣುತ್ತದೆ. ನಿಘಂಟು ಅಂದರೆ ಯಾರೂ ನಗದ ಪುಸ್ತಕ. ಅದರ ಗಂಭೀರ ಮೈಯೊಳಗೆ ಅವರು ಕಿತಾಪತಿ ತುಂಬಿಸಿದರು. ನನ್ನ ಮಟ್ಟಿಗೆ ರೇಡಿಯೋ ತಮಾಷೆಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ರೇಡಿಯೋ ನಮಗೆ ಎಷ್ಟೊಂದು ಗಂಭೀರ ರೂಪಗಳನ್ನು ಬಿಟ್ಟುಹೋಗಿದೆ, ನೋಡಿ. ಹವಾಮಾನ ವರದಿ, ಮಾರುಕಟ್ಟೆ ಧಾರಣೆ, ಕಾಣೆಯಾದವರ ಪ್ರಕಟಣೆ, ಕೋರಿಕೆಯ ಹೆಸರುಗಳು, ಕೃಷಿರಂಗದ ಸಂವಾದ. ಒಂದೊಂದೂ ಖಾಲಿ ಪಾತ್ರೆ. ಯಾವುದನ್ನು ಬೇಕಾದರೂ ಹಾಕಿಕೊಡಬಹುದು.

ಇದನ್ನು ಬಿಟ್ಟು ಬಹಳ ಜನ ಬೇರೆಯದನ್ನು ಮಾಡುತ್ತಾರೆ. ಇಂಟರ್ನೆಟ್ಟಿನಿಂದ ಹಳೆಯ ರೇಡಿಯೋ ಚಿತ್ರ ಇಳಿಸಿಕೊಳ್ಳುತ್ತಾರೆ. ಅದು ಅಮೆರಿಕದ್ದೋ ಜರ್ಮನಿಯದೋ, ಚರ್ಚಿನ ಕಿಟಕಿಯ ಹಾಗೆ ಮೇಲೆ ಕಮಾನು ಇರುವ ಸೆಟ್ಟು. ಅದಕ್ಕೆ ಕಂದು ಬಣ್ಣದ ಕಲೆ ಹಾಕಿ, ಕೆಳಗೆ ‘ಹಳೆಯ ನೆನಪುಗಳು’ ಎಂದು ಬರೆದು ಮಾರುತ್ತಾರೆ. ಹ್ಯಾಂಡ್‌ಪೋಸ್ಟಿನವರು ಅದನ್ನು ಕೈಯಲ್ಲಿ ಹಿಡಿದು, ‘ಚೆನ್ನಾಗದೆ’ ಅಂದು ವಾಪಸ್ ಇಡುತ್ತಾರೆ. ನಗುವುದಿಲ್ಲ, ಕೊಳ್ಳುವುದೂ ಇಲ್ಲ. ಯಾಕೆ ಕೊಳ್ಳಬೇಕು? ಅವರ ಮನೆಯಲ್ಲಿದ್ದದ್ದು ತೂತು ತೂತಿನ ಚರ್ಮದ ಚೀಲ ಹಾಕಿದ ಟ್ರಾನ್ಸಿಸ್ಟರು. ಹೊಗೆಸೊಪ್ಪಿನ ಬ್ಯಾರನ್ನಿನ ಹತ್ತಿರ ರಾತ್ರಿಯೆಲ್ಲ ಬೆಂಕಿ ಕಾಯುವಾಗ ಪಕ್ಕದಲ್ಲಿ ಹಾಡುತ್ತಿದ್ದದ್ದು. ಎರಡು ದಪ್ಪ ಸೆಲ್ಲು, ವೀಕಾದರೆ ಬಿಸಿಲಿಗಿಟ್ಟು ಮತ್ತೆ ಹಾಕುವುದು. ರಾತ್ರಿಯಾದರೆ ಮುಳ್ಳು ಕೂದಲೆಳೆಯಷ್ಟು ಜರುಗಿದರೂ ಕನ್ನಡ ಹಾಡಿನೊಳಕ್ಕೆ ಕಲ್ಲಿಕೋಟೆಯ ಮಲಯಾಳ ನುಗ್ಗುತ್ತಿತ್ತು. ನೆನಪು ಪೆಟ್ಟಿಗೆಯ ಚಿತ್ರದಲ್ಲಿಲ್ಲ, ಅದರಿಂದ ಬಂದ ಮಾತಿನಲ್ಲಿದೆ. ನಾನು ಕಟ್ಟಿಕೊಂಡಿರುವ ವ್ಯಾಪಾರವೆಲ್ಲ ಈ ಒಂದು ನಂಬಿಕೆಯ ಮೇಲೆ.

ಒಂದೆರಡು ಮಾದರಿ ಓದುತ್ತೇನೆ, ಕೇಳಿ. ಇದು ಹವಾಮಾನ ವರದಿಯ ಕಾರ್ಡು, ಸಾಮಾನ್ಯವಾಗಿ ಹೊಸದಾಗಿ ಮದುವೆಯಾದವರಿಗೆ ಕೊಡುವುದು:

‘ಮುಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅಡುಗೆಮನೆಯ ದಕ್ಷಿಣ ಒಳನಾಡಿನಲ್ಲಿ ಅಲ್ಲಲ್ಲಿ ಗುಡುಗು ಸಹಿತ ಪಾತ್ರೆ ಸದ್ದಾಗುವ ಸಂಭವವಿದೆ. ಹಜಾರದಲ್ಲಿ ಒಣಹವೆ ಮುಂದುವರಿಯಲಿದೆ. ಗಂಡಸರು ಅಡುಗೆಮನೆಗೆ ಇಳಿಯಬಾರದೆಂದು ಎಚ್ಚರಿಸಲಾಗಿದೆ.’

ಇನ್ನೊಂದು, ಕಾಣೆಯಾದ ಪ್ರಕಟಣೆ, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವುದು:

‘ಸ್ಟೀಲ್ ಡಬ್ಬಿಯ ಮುಚ್ಚಳ ಕಾಣೆಯಾಗಿದೆ. ದುಂಡುಮುಖ, ಸಾಧಾರಣ ಮೈಕಟ್ಟು, ಎಡಗಡೆ ಒಂದು ನೆಗ್ಗು. ಕಾಣೆಯಾದಾಗ ಪಕ್ಕದ ಮನೆಗೆ ಹೊರಟಿದ್ದ ಹುಳಿಯ ಮೇಲಿತ್ತು. ಕೆಳಗೆ ಬಿದ್ದರೆ ಮಾತ್ರ ಮಾತನಾಡುತ್ತದೆ. ಸುಳಿವು ಸಿಕ್ಕವರು ಹಿಂದಿನ ಬಾಗಿಲಿಗೆ ಬಂದು ತಿಳಿಸುವುದು.’

ಈ ಪ್ರಕಟಣೆಯ ವಿಷಯದಲ್ಲಿ ನಾನು ಒಂದು ಗೆರೆ ಎಳೆದುಕೊಂಡಿದ್ದೇನೆ. ಕಾಣೆಯಾದ ಮುಚ್ಚಳ, ಕನ್ನಡಕ, ರಿಮೋಟು, ಒಂಟಿ ಕಾಲುಚೀಲ, ಏನು ಬೇಕಾದರೂ ಬರೆದುಕೊಡುತ್ತೇನೆ. ಮನುಷ್ಯರ ಹೆಸರು ಹಾಕಿ ಕಾಣೆಯಾಗಿದ್ದಾರೆ ಎಂಬ ತಮಾಷೆ ಮಾಡಿಕೊಡುವುದಿಲ್ಲ. ಆ ಪ್ರಕಟಣೆ ಕೇಳುತ್ತ ನಿಜವಾಗಿ ಕಾಯುತ್ತ ಕೂತ ಮನೆಗಳು ನಮ್ಮ ಸುತ್ತಲೇ ಇವೆ.

ಮದುವೆ ಮನೆಯವರಿಗೆ ‘ಇಂದಿನ ಕಾರ್ಯಕ್ರಮಗಳು’ ಪಟ್ಟಿ ಇಷ್ಟ. ಛತ್ರದ ಬಾಗಿಲಲ್ಲಿ ನಿಲ್ಲಿಸುವಂಥದ್ದು. ಬೆಳಿಗ್ಗೆ 5.55ಕ್ಕೆ ನಿಲಯ ಆರಂಭ, ಅಂದರೆ ಕಾಫಿ. 6.55ಕ್ಕೆ ಸಂಸ್ಕೃತದಲ್ಲಿ ವಾರ್ತೆಗಳು, ಪ್ರಸ್ತುತಪಡಿಸುವವರು ಪುರೋಹಿತರು. ಬೆಳಿಗ್ಗೆ ಬೆಳಿಗ್ಗೆ ಅರ್ಥವಾಗದಿದ್ದರೂ ಮನೆಮಂದಿಯೆಲ್ಲ ಕೇಳುತ್ತಿದ್ದ ಆ ಸಂಸ್ಕೃತ ವಾರ್ತೆ ಶುರುವಾದದ್ದು 1974ರ ಜೂನ್ 30ರಂದು. ಅದರ ಮೊದಲ ವಾಕ್ಯ ಇಂದಿಗೂ ಬಾಯಿಪಾಠ ಇರುವವರಲ್ಲಿ ಸಂಸ್ಕೃತ ಓದಿದವರು ಕಡಿಮೆ. ಅದಾದ ಮೇಲೆ ‘ವನಿತಾ ವಿಹಾರ’, ಸೀರೆಗಳ ಬಗ್ಗೆ ಚರ್ಚೆ. ಮಧ್ಯಾಹ್ನ ‘ಕೃಷಿರಂಗ’, ಮೊದಲ ಪಂಕ್ತಿಯಲ್ಲಿ ಎಲೆ ಹಿಡಿಯುವ ಸುಧಾರಿತ ವಿಧಾನ. ಕೊನೆಗೆ ‘ಕೋರಿಕೆ’: ಉಡುಗೊರೆ.

ಕೋರಿಕೆ ಅಂದೆನಲ್ಲ, ಅದು ಬೇರೆಯೇ ಸೊಗಸು. ಹಾಡು ಮೂರು ನಿಮಿಷ, ಕೋರಿದವರ ಹೆಸರು ಒಂದೂವರೆ ನಿಮಿಷ. ಜಾರ್ಖಂಡಿನ ಝುಮ್ರಿ ತಲಯ್ಯಾ ಎಂಬ ಅಭ್ರಕದ ಊರು ಇಡೀ ಇಂಡಿಯಾಕ್ಕೆ ಹೆಸರಾದದ್ದೇ ಹಾಡು ಕೋರಿ ಬರೆದ ಕಾಗದಗಳಿಂದ. ನಮ್ಮ ಊರುಗಳೇನು ಕಮ್ಮಿ? ಒಂದು ಕಾರ್ಡಿನಲ್ಲಿ ತಮ್ಮ ಹೆಸರು, ಹೆಂಡತಿ ಮಕ್ಕಳ ಹೆಸರು, ಗೆಳೆಯರ ಹೆಸರು, ಜಾಗ ಉಳಿದರೆ ಪಕ್ಕದೂರಿನ ನೆಂಟರ ಹೆಸರು. ಆ ಧಾಟಿಯಲ್ಲಿ ನಾವು ಮದುವೆ ವಾರ್ಷಿಕೋತ್ಸವದ ಕಾರ್ಡು ಮಾಡುತ್ತೇವೆ. ನಡುವೆ ಗಂಡ ಹೆಂಡಿರ ಹೆಸರು ಸಣ್ಣಗೆ. ಸುತ್ತ ‘ಈ ದಾಂಪತ್ಯವನ್ನು ಕೋರಿ ಬರೆದಿರುವವರು’ ಎಂದು ಇಡೀ ವಂಶಾವಳಿ, ಕೊಟ್ಟಿಗೆಯ ಹಸು, ಬಾಗಿಲ ನಾಯಿ ಸಮೇತ. ಹಸುವಿನ ಹೆಸರು ಬಿಟ್ಟುಹೋಯಿತೆಂದು ಕಾರ್ಡು ವಾಪಸು ತಂದವರೂ ಇದ್ದಾರೆ.

ನನಗೆ ಹೆಚ್ಚು ಪ್ರೀತಿ ಲೈಸೆನ್ಸಿನ ಮೇಲೆ. ಕೇಳುಗರಲ್ಲಿ ಎಳೆಯರಿಗೆ ನಂಬಿಕೆ ಬರಲಿಕ್ಕಿಲ್ಲ: ಈ ದೇಶದಲ್ಲಿ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಬಂದೂಕಿನ ಹಾಗೆ ಲೈಸೆನ್ಸ್ ಬೇಕಿತ್ತು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ರೇಡಿಯೋ ಹೊಂದಿದ್ದರೆ ಅಪರಾಧ. ಅಂಚೆ ಕಚೇರಿಯಲ್ಲಿ ಪುಟ್ಟ ಪುಸ್ತಕ ಕೊಡುತ್ತಿದ್ದರು, ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ಅದರೊಳಗೆ ಸ್ಟ್ಯಾಂಪು ಅಂಟಿಸಿಕೊಂಡು ಮೊಹರು ಹಾಕಿಸಿಕೊಳ್ಳಬೇಕು. ಬಹುಕಾಲ ಮನೆಯ ಸೆಟ್ಟಿಗೆ ವರ್ಷಕ್ಕೆ 15 ರೂಪಾಯಿ ಇತ್ತು. ತಡವಾದರೆ ದಂಡ. 1980ರ ದಶಕದ ನಡುವಿನಲ್ಲಿ ಇದು ರದ್ದಾಯಿತು.

ನಮ್ಮ ನಕಲಿ ಲೈಸೆನ್ಸಿನ ಹೆಸರು ‘ತಾತನವರ ರೇಡಿಯೋ ಪರವಾನಗಿ’. ಅಂಗೈಯಗಲದ ಪುಸ್ತಕ, ಎ4 ಹಾಳೆಯನ್ನು ಎರಡು ಸಲ ಮಡಿಸಿದರೆ ಆಗುತ್ತದೆ. ಹೊರಗೆ ಮಾಸಲು ಹಸಿರು. ಒಳಗೆ ಷರತ್ತುಗಳು. ಓದುತ್ತೇನೆ.

‘ಒಂದು: ಪ್ರದೇಶ ಸಮಾಚಾರ ಮುಗಿಯುವ ತನಕ ಮನೆಯಲ್ಲಿ ಯಾರೂ ಕೆಮ್ಮದಂತೆ ನೋಡಿಕೊಳ್ಳುವ ಅಧಿಕಾರ ತಾತನವರಿಗೆ ಇರತಕ್ಕದ್ದು. ಎರಡು: ಸೆಟ್ಟಿನ ತಲೆಗೆ ದಿನಕ್ಕೆ ಎರಡು ಏಟಿಗೆ ಮೀರದಂತೆ ಹೊಡೆಯಬಹುದು. ಮೂರು: ಸೆಲ್ಲುಗಳನ್ನು ಬಿಸಿಲಿಗಿಟ್ಟು ಮರಳಿ ಹಾಕಿದಲ್ಲಿ ಇಲಾಖೆಯು ಕಂಡೂ ಕಾಣದಂತೆ ಇರತಕ್ಕದ್ದು. ನಾಲ್ಕು: ಮುಳ್ಳು ತಿರುಗಿಸುವ ಹಕ್ಕು ತಾತನವರದೇ, ಅವರು ಗೊರಕೆ ಆರಂಭಿಸಿದ ನಂತರ ಸದರಿ ಹಕ್ಕು ಅಜ್ಜಿಯವರಿಗೆ ವರ್ಗಾವಣೆಯಾಗುತ್ತದೆ.’

ಮೊದಲು ಮಾಡಿದಾಗ ಇದರಲ್ಲಿ ಸ್ಟ್ಯಾಂಪು ಇರಲಿಲ್ಲ. ಅಂತರಸಂತೆ ಕಡೆಯ ಹಿರಿಯರೊಬ್ಬರು ಬಸ್ಸಿಗೆ ಕಾಯುತ್ತ ಅಂಗಡಿಗೆ ಬಂದವರು ಅದನ್ನು ತೆಗೆದು, ಕನ್ನಡಕ ಏರಿಸಿ, ಪ್ರತಿ ಷರತ್ತನ್ನೂ ಬೆರಳಿಟ್ಟು ಓದಿದರು. ನಗಲಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿ, ‘ಸ್ಟ್ಯಾಂಪ್ ಎಲ್ಲವ್ವಾ? ಸ್ಟ್ಯಾಂಪ್ ಇಲ್ದೆ ಲೈಸನ್ಸ್ ಅಂದ್ರೆ ಯಾರ್ ಒಪ್ತಾರೆ?’ ಅಂದರು. ಆಮೇಲೆ ದನಿ ತಗ್ಗಿಸಿ, ‘ನಾವೂ ಕಟ್ಟಿರ್ಲಿಲ್ಲ ಅನ್ನಿ. ಪೋಸ್ಟಾಫೀಸ್ನೋರು ಬಂದ್ರು ಅಂದ್ರೆ ನಮ್ಮವ್ವ ರೇಡಿಯೋನ ರಾಗಿ ವಾಡೆಯೊಳಕ್ಕೆ ಇಳಿಸ್ಬುಡೋರು. ಒಂದ್ಸಲ ಆಫ್ ಮಾಡೋದು ಮರ್ತು ವಾಡೆ ಒಳ್ಗೇ ಹಾಡ್ತಾ ಇತ್ತು’ ಅಂದರು. ಈಗ ನಮ್ಮ ಲೈಸೆನ್ಸಿನಲ್ಲಿ ಐದನೆಯ ಷರತ್ತು ಇದೆ: ‘ರಾಗಿ ವಾಡೆಯೊಳಗೆ ಹಾಡುವ ರೇಡಿಯೋಗಳಿಗೆ ಪ್ರತ್ಯೇಕ ಶುಲ್ಕ.’ ಪಕ್ಕದಲ್ಲಿ ಸ್ಟ್ಯಾಂಪಿನ ಚೌಕ. ಅವರಿಗೆ ಒಂದು ಪ್ರತಿ ಪುಕ್ಕಟೆ ಕೊಟ್ಟೆ. ಅಂಗಡಿಯಲ್ಲಿ ಕೂತು ತಲೆ ಕೆರೆದುಕೊಂಡು ಬರೆದ ನಾಲ್ಕು ಷರತ್ತಿಗಿಂತ ಅವರು ಕೊಟ್ಟ ಐದನೆಯದೇ ಚೆನ್ನಾಗಿದೆ ಎಂದು ಗಿರಾಕಿಗಳ ಅಂಬೋಣ, ನನ್ನದೂ ಅದೇ.

ಲೈಸೆನ್ಸ್ ಮಾಡುವಾಗ ಕಾನೂನಿನ ಕಡೆಗೂ ಒಂದು ಕಣ್ಣಿರಬೇಕು. ಸರ್ಕಾರಿ ಕಾಗದದ ಹಾಗೆ ಕಾಣಲಿ ಎಂದು ಅಶೋಕ ಸ್ತಂಭದ ಸಿಂಹ ಹಾಕುವಂತಿಲ್ಲ. 2005ರ ರಾಷ್ಟ್ರಲಾಂಛನ ಕಾಯಿದೆ ಅದನ್ನು ತಡೆಯುತ್ತದೆ. ಆಕಾಶವಾಣಿಯ ಲಾಂಛನವೂ ನಮ್ಮದಲ್ಲ. ನಾವು ಸಿಂಹದ ಜಾಗದಲ್ಲಿ ರೇಡಿಯೋ ಮೇಲೆ ಮಲಗಿದ ಬೆಕ್ಕಿನ ಚಿತ್ರ ಹಾಕಿದ್ದೇವೆ. ಹಳೆಯ ವಾಲ್ವ್ ಸೆಟ್ಟುಗಳು ಬೆಚ್ಚಗಾಗುತ್ತಿದ್ದವು, ಬೆಕ್ಕುಗಳಿಗೆ ಅದು ಗೊತ್ತಿತ್ತು. ಚಿತ್ರಗೀತೆಯ ಸಾಲು ಹಾಕಿದರೆ ಕಾರ್ಡು ಇನ್ನೂ ಜೋರಾಗಿ ಹೋಗುತ್ತದೆ, ಒಪ್ಪಿದೆ. ಆದರೆ ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೂ ಹಕ್ಕು ಅವರ ಮನೆಯವರದು ಅಥವಾ ಕೊಂಡವರದು. ಕಸ್ತೂರಿಯವರು ತೀರಿಕೊಂಡದ್ದು 1987ರಲ್ಲಿ, ಆದ್ದರಿಂದ ಅವರ ಹಾಸ್ಯವನ್ನೂ 2047 ಮುಗಿಯುವ ತನಕ ಕೇಳದೆ ಮುಟ್ಟುವಂತಿಲ್ಲ. ಇದರಿಂದ ನಷ್ಟವೇನಿಲ್ಲ. ಇನ್ನೊಬ್ಬರ ಸಾಲು ಎತ್ತುವ ದಾರಿ ಮುಚ್ಚಿದ ಮೇಲೆಯೇ ಸ್ವಂತ ಬುದ್ಧಿ ಓಡುವುದು.

ಆಕಾಶವಾಣಿಯ ಆರಂಭದ ರಾಗವನ್ನು ಕಾಗದದ ಮೇಲೆ ಹಾಕುವುದು ಹೇಗೆ ಎಂಬುದು ದೊಡ್ಡ ಸಮಸ್ಯೆಯಾಗಿತ್ತು. ಬೊಂಬಾಯಿಯಲ್ಲಿ ನೆಲೆಸಿದ್ದ ವಾಲ್ಟರ್ ಕೌಫ್‌ಮನ್ ಎಂಬ ಯೆಹೂದಿ ಸಂಗೀತಗಾರ 1930ರ ದಶಕದಲ್ಲಿ ಕಟ್ಟಿದ ರಾಗ ಅದು, ಹಿಟ್ಲರನ ಕಾಲದ ಯುರೋಪನ್ನು ಬಿಟ್ಟು ಬಂದವರು. ಕಾಗದ ಹಾಡುವುದಿಲ್ಲವಲ್ಲ. ಕಾರ್ಡಿನ ತಲೆಯ ಮೇಲೆ ಅಲೆಅಲೆಯ ಚುಕ್ಕಿಗೆರೆ ಎಳೆದು, ‘ಇಲ್ಲಿ ಮನಸ್ಸಿನಲ್ಲೇ ಕೇಳಿಕೊಳ್ಳಿ’ ಎಂದು ಬರೆದೆವು. ನಲವತ್ತು ದಾಟಿದವರು ಯಾರು ಓದಿದರೂ ಮೂಗಿನಲ್ಲಿ ಗುನುಗುತ್ತಾರೆ. ಇಪ್ಪತ್ತರವರು ಓದಿ ಪಕ್ಕದವರ ಮುಖ ನೋಡುತ್ತಾರೆ.

ಇಂಥ ಕೆಲಸ ಕೈಗೆತ್ತಿಕೊಳ್ಳಬೇಕೆಂದಿರುವ ತಂಗಿಯರಿಗೆ, ತಮ್ಮಂದಿರಿಗೆ ಕಸುಬಿನ ನಾಲ್ಕು ಮಾತು ಹೇಳಿಬಿಡುತ್ತೇನೆ. ಹಳೆಯ ನುಡಿ ಅಕ್ಷರದಲ್ಲಿ ಟೈಪು ಮಾಡಿದ ಫೈಲನ್ನು ಹಾಗೇ ಕಳಿಸಬೇಡಿ. ಆ ಕಡೆಯ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲದಿದ್ದರೆ ನಿಮ್ಮ ಹಾಸ್ಯವೆಲ್ಲ ಇಂಗ್ಲಿಷ್ ಅಕ್ಷರದ ಕಸವಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಬರೆದು, ಫಾಂಟು ಒಳಗೇ ಸೇರುವಂತೆ ಪಿಡಿಎಫ್ ಮಾಡಿ. ನೋಟೋ ಕನ್ನಡ, ಬಲೂ ತಮ್ಮ ಇಂಥ ಫಾಂಟುಗಳು ಪುಕ್ಕಟೆ ಸಿಗುತ್ತವೆ, ಮಾರುವ ವಸ್ತುವಿಗೆ ಬಳಸಲೂ ಅನುಮತಿ ಇದೆ. ಕೆಲವು ಡಿಸೈನ್ ಸಾಫ್ಟ್‌ವೇರುಗಳು ಭಾರತೀಯ ಲಿಪಿಯ ಆಯ್ಕೆ ಒತ್ತದಿದ್ದರೆ ಒತ್ತಕ್ಷರ ಮುರಿದುಬಿಡುತ್ತವೆ. ‘ವಿಷಾದಿಸುತ್‌ತೇವೆ’ ಎಂದು ಅಚ್ಚಾದರೆ ಆ ವಿಷಾದಕ್ಕೆ ಇನ್ನೊಂದು ವಿಷಾದ ಅಂಟಿಸಬೇಕಾಗುತ್ತದೆ.

ಅಡುಗೆಮನೆಗೆ ಹೋಗುವ ಕಾಗದವನ್ನು ಇಂಕ್‌ಜೆಟ್ಟಿನಲ್ಲಿ ತೆಗೆದರೆ ಮೊದಲ ಸಾರಿನ ಆವಿಗೇ ಬಣ್ಣ ಇಳಿಯುತ್ತದೆ. ಲೇಸರಿನಲ್ಲಿ ತೆಗೆಯಿರಿ, ಇಲ್ಲವೇ ಲ್ಯಾಮಿನೇಶನ್ ಹಾಕಿ. ಬೋರ್ಡಿಗೆ 300 ಜಿಎಸ್ಎಂ ಕಾರ್ಡು ಬೇಕು. ಲೈಸೆನ್ಸಿಗೆ ಮಾತ್ರ ಸಾದಾ 80 ಜಿಎಸ್ಎಂ ಸಾಕು, ಆ ಕಾಲದ ಸರ್ಕಾರಿ ಕಾಗದ ಅದಕ್ಕಿಂತ ದಪ್ಪ ಇದ್ದದ್ದು ನಾನು ಕಂಡಿಲ್ಲ. ಅಮೆರಿಕದಲ್ಲಿರುವ ಕನ್ನಡ ಮನೆಗಳೂ ಫೈಲು ಕೇಳುತ್ತವೆ. ಅವರ ಹಾಳೆ ನಮ್ಮ ಎ4 ಅಲ್ಲ. ಎ4 ಅಂದರೆ 210 ಮಿಲಿಮೀಟರ್ ಅಗಲ, 297 ಉದ್ದ. ಅವರದು 216 ಅಗಲ, 279 ಉದ್ದ. ಎರಡಕ್ಕೂ ಒಪ್ಪಬೇಕೆಂದರೆ 210ರ ಅಗಲ, 279ರ ಉದ್ದ ಲೆಕ್ಕಕ್ಕೆ ಹಿಡಿದು, ಸುತ್ತ ಅಂಚು ಬಿಟ್ಟು ವಿನ್ಯಾಸ ಮಾಡಿ. ಇಲ್ಲದಿದ್ದರೆ ತಾತನವರ ನಾಲ್ಕನೆಯ ಷರತ್ತು ಕತ್ತರಿಸಿಹೋಗಿ ಅಜ್ಜಿಯವರಿಗೆ ಅನ್ಯಾಯವಾಗುತ್ತದೆ.

ಬೆಲೆ ವಿಷಯ. ಬೋರ್ಡು ಲ್ಯಾಮಿನೇಶನ್ ಸಮೇತ 40 ರೂಪಾಯಿ. ಹೆಸರು ಹಾಕಿ ಮಾಡಿಕೊಡುವ ಲೈಸೆನ್ಸಿಗೆ, ಕೋರಿಕೆ ಕಾರ್ಡಿಗೆ ಅದರ ಮೂರರಷ್ಟು. ಸಾದಾ ಫೈಲು ಮಾರಿದರೆ ಸಂಜೆಯೊಳಗೆ ಅದು ಹತ್ತು ವಾಟ್ಸ್ಆ್ಯಪ್ ಗುಂಪು ಸುತ್ತಿ, ನನ್ನ ಫೋನಿಗೇ ‘ಶುಭ ಸಂಜೆ’ ಎಂದು ವಾಪಸು ಬಂದಿರುತ್ತದೆ. ಅದನ್ನು ತಡೆಯಲು ಯಾರ ಕೈಲೂ ಆಗುವುದಿಲ್ಲ, ಜಗಳಕ್ಕೆ ಹೋಗುವುದೂ ದಂಡ. ಆದರೆ ತಾತನ ಹೆಸರು, ಊರು, ಹಸುವಿನ ಹೆಸರು ಇರುವ ಫೈಲು ಇನ್ನೊಬ್ಬರಿಗೆ ಯಾವ ಉಪಯೋಗಕ್ಕೂ ಬಾರದು. ಆದ್ದರಿಂದ ಸಾದಾ ಬೋರ್ಡು ಜಾಹೀರಾತು, ಹೆಸರಿನ ಕಾಗದ ವ್ಯಾಪಾರ. ಇದರಿಂದ ಮನೆ ನಡೆಯುತ್ತದೆಯೇ ಎಂದರೆ ಇಲ್ಲ. ಮನೆ ನಡೆಸುವುದು ಈಗಲೂ ಪಹಣಿ ಮತ್ತು ಆಧಾರ್ ಪ್ರತಿ. ಇದು ಅಂಗಡಿಯ ಮುಂಭಾಗವನ್ನು ನಗಿಸುತ್ತದೆ, ಹಬ್ಬ ಮದುವೆ ಕಾಲದಲ್ಲಿ ಕೈಗೆ ನಾಲ್ಕು ಕಾಸು ತರುತ್ತದೆ. ಕೆಲಸ ಬಿಟ್ಟು ಇದನ್ನೇ ನೆಚ್ಚಿಕೊಳ್ಳಿ ಎಂದು ಯಾರಿಗೂ ಹೇಳಲಾರೆ.

ಇನ್ನೊಂದು ಮಾತು. ರೇಡಿಯೋ ಅಂದರೆ ಮುಗಿದ ಕಥೆ ಎಂದು ಕಾರ್ಡು ಕೊಳ್ಳುವವರು ಹೇಳುತ್ತಿರುತ್ತಾರೆ. ಅವರ ಜೇಬಿನಲ್ಲಿರುವ ಫೋನಿನಲ್ಲೇ ಎಫ್ಎಂ ಹಾಕಿದರೆ ಮೈಸೂರು ಆಕಾಶವಾಣಿ 100.6ರಲ್ಲಿ ಸಿಗುತ್ತದೆ. ನಮ್ಮ ಸರಗೂರಿನಲ್ಲೇ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 2012ರಿಂದ ‘ಜನಧ್ವನಿ’ ಸಮುದಾಯ ಬಾನುಲಿ ನಡೆಸುತ್ತಿದೆ, 90.8ರಲ್ಲಿ. ಸಮುದಾಯ ಬಾನುಲಿಯ ಶಕ್ತಿ ಸಾಮಾನ್ಯವಾಗಿ 100 ವ್ಯಾಟಿಗೆ ಮೀರುವುದಿಲ್ಲ. ಕೆಲವು ಊರು, ಕೆಲವು ಹಾಡಿಗಳಿಗೆ ಮುಟ್ಟುವಷ್ಟು. ಗೋಪಾಲಸ್ವಾಮಿಯವರ 30 ವ್ಯಾಟಿನ ನಂಟು ಅಲ್ಲಿ ಕಾಣುತ್ತದೆ. ಅಲ್ಲಿ ಕೇಳುವುದು ಇಸ್ತ್ರಿ ಹಾಕಿದ ಕನ್ನಡವಲ್ಲ, ನಮ್ಮದೇ ಊರ ಮಾತು. ಈಗಿನ ಹುಡುಗರು ಮೂವತ್ತು ವರ್ಷದ ಮೇಲೆ ತಮಾಷೆ ಕಾರ್ಡು ಮಾಡುವುದಾದರೆ ಅವರ ನೆನಪು ಬೇರೆಯದಾಗಿರುತ್ತದೆ, ‘ವಿಷಾದಿಸುತ್ತೇವೆ’ ಅವರಿಗೆ ಬೇಕಾಗಲಿಕ್ಕಿಲ್ಲ. ಅವರೇ ಹುಡುಕಿಕೊಳ್ಳಲಿ.

ನನ್ನದು ಒಂದು ಕೋರಿಕೆ, ಹಾಡಿನದಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಕಡೆಯ ಕೇಳುಗರೇ, ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ, ದೇವರ ಗೂಡಿನ ಹಿಂದೆ ಹಳೆಯ ರೇಡಿಯೋ ಲೈಸೆನ್ಸ್ ಪುಸ್ತಕ, ನಿಲಯದಿಂದ ಬಂದ ಉತ್ತರದ ಕಾರ್ಡು, ಸೆಟ್ಟು ಕೊಂಡ ಅಂಗಡಿಯ ರಸೀತಿ ಇದ್ದರೆ ರದ್ದಿಗೆ ಹಾಕಬೇಡಿ. ಹ್ಯಾಂಡ್‌ಪೋಸ್ಟ್ ಕಡೆ ಬಂದಾಗ ತನ್ನಿ. ಆ ಅಕ್ಷರಗಳ ಅಚ್ಚು, ಮೊಹರಿನ ಆಕಾರ ನೋಡಿಕೊಳ್ಳಬೇಕು, ಅಷ್ಟೇ. ಮೂಲ ನಿಮ್ಮ ಕೈಗೇ ವಾಪಸು ಕೊಡುತ್ತೇನೆ. ಜೆರಾಕ್ಸಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ.